‘ಹೈವೇಲಿ ಓಡಿಸಿ ಸರ್’ ಅಂತಲೇ ಇದ್ದರು, ಒಡೆದಿದ್ದು ಒಂದು ಪೈಪು

ಡೀಸೆಲ್ ಎಸ್‌ಯುವಿ ಇಟ್ಟುಕೊಂಡವರಿಗೆ ಆ ಹಳದಿ ಲೈಟ್ ಚೆನ್ನಾಗಿ ಗೊತ್ತಿರುತ್ತದೆ. ಸ್ಪೀಡೋಮೀಟರ್ ಪಕ್ಕದಲ್ಲಿ ಸಣ್ಣ ಡಬ್ಬಿ, ಅದರೊಳಗೆ ಚುಕ್ಕಿಗಳು. ಅದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಲೈಟ್. ಅದೊಂದೇ ಹತ್ತಿದರೆ ಗಾಡಿ ಮಾಮೂಲಿಯಂತೆ ಓಡುತ್ತದೆ. ಅದರ ಜೊತೆಗೆ ಇಂಜಿನ್ ಚಿತ್ರದ ಲೈಟೂ ಹತ್ತಿಕೊಂಡರೆ ಪಿಕಪ್ ಹೋಗುತ್ತದೆ, ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಏಳುವುದಿಲ್ಲ. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಇಂಜಿನ್ ಹಾಳಾಗದಿರಲಿ ಎಂದು ಗಾಡಿಯ ಕಂಪ್ಯೂಟರೇ ಶಕ್ತಿಯನ್ನು ಕಡಿಮೆ ಮಾಡಿಬಿಡುತ್ತದೆ.

ನಮ್ಮದು ಏಳು ಸೀಟಿನ ಡೀಸೆಲ್ ಗಾಡಿ. ಶೋರೂಂ ಬೆಲೆಯೇ 18 ಲಕ್ಷ. ಅದರ ಮೇಲೆ ಕರ್ನಾಟಕದ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದರೆ ಎಷ್ಟಾಗುತ್ತದೆ ಅಂತ ಇಲ್ಲಿ ಗಾಡಿ ತಗೊಂಡವರಿಗೆ ಗೊತ್ತು. ಅಮ್ಮನಿಗೆ ಮಂಡಿ ನೋವು, ಕೆಳಗಿನ ಸೀಟಿನ ಕಾರಿಗೆ ಹತ್ತಿ ಇಳಿಯೋದು ಕಷ್ಟ. ಹೆಂಡತಿಯ ತವರು ಪುತ್ತೂರು, ಮಕ್ಕಳ ರಜೆ ಬಂದರೆ ಎಲ್ಲರೂ ಒಟ್ಟಿಗೆ ಹೋಗಬೇಕು. ಅದಕ್ಕೇ ದೊಡ್ಡ ಗಾಡಿ ತಗೊಂಡಿದ್ದು. ಕಂಪನಿ ಹೆಸರು ಬರೆಯುವುದಿಲ್ಲ. ಡಿಪಿಎಫ್ ತೊಂದರೆ ಒಂದೇ ಕಂಪನಿಯದ್ದಲ್ಲ, ಬಿಎಸ್ 6 (ಹೊಗೆ ನಿಯಂತ್ರಣದ ಈಗಿನ ಮಾನದಂಡ) ಡೀಸೆಲ್ ಗಾಡಿ ಇರುವ ಬಹಳ ಜನ ಇದನ್ನು ಅನುಭವಿಸಿದ್ದಾರೆ. ನಾನು ಹೇಳಬೇಕಾಗಿರುವುದು ಗಾಡಿ ಕೆಟ್ಟ ಕಥೆ ಮಾತ್ರ ಅಲ್ಲ. ಅದೇ ತೊಂದರೆ ಮತ್ತೆ ಮತ್ತೆ ಬಂದಾಗಲೂ ಸರ್ವಿಸ್ ಸೆಂಟರಿನವರು ಪ್ರತಿ ಸಲ ಅದನ್ನು ಹೊಸ ತೊಂದರೆ ಎಂದು ಬರೆದುಕೊಂಡು ಕಳಿಸುತ್ತಿದ್ದರಲ್ಲ, ಅದು.

ಮೊದಲು ಡಿಪಿಎಫ್ ಅಂದರೇನು ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಡೀಸೆಲ್ ಉರಿದರೆ ಮಸಿ ಬರುತ್ತದೆ. ಬಿಎಸ್ 4 ಕಾಲದಲ್ಲಿ ಒಂದು ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ತನಕ ಕಣಗಳನ್ನು ಹೊರಗೆ ಬಿಡಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದಾಗ ಆ ಮಿತಿ 4.5 ಮಿಲಿಗ್ರಾಂಗೆ ಇಳಿಯಿತು. ಇಷ್ಟು ಕಡಿಮೆ ಮಾಡಬೇಕಾದರೆ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿದಿಡುವ ಒಂದು ಫಿಲ್ಟರ್ ಬೇಕು. ಅದೇ ಡಿಪಿಎಫ್. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಇದಕ್ಕೆ ರೀಜೆನ್ ಅಂತಾರೆ. ಸುಡಲು 600 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದರೆ ಹೊಗೆ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಮಸಿ ತಾನಾಗಿಯೇ ಸುಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತರೆ ಅಷ್ಟು ಬಿಸಿ ಎಲ್ಲಿ ಬರಬೇಕು? ಆಗ ಕಂಪ್ಯೂಟರ್ ಬೇರೆ ಉಪಾಯ ಮಾಡುತ್ತದೆ. ಸಿಲಿಂಡರಿಗೆ ತಡವಾಗಿ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಅದರಿಂದ ಹೊಗೆಯ ಬಿಸಿ ಏರಿಸಿ ಮಸಿ ಸುಡುತ್ತದೆ. ಇದು ಮುಗಿಯುವ ಮೊದಲೇ ನೀವು ಆಫೀಸು ತಲುಪಿ ಇಂಜಿನ್ ಆಫ್ ಮಾಡಿದರೆ ಮಸಿ ಅಲ್ಲೇ ಉಳಿಯುತ್ತದೆ. ಉರಿಯದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯ ಮೇಲೆ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ.

ಮೊದಲ ಸಲ ಲೈಟ್ ಹತ್ತಿದಾಗ ಗಾಡಿ ಇನ್ನೂ ಹೊಸದು. ಸರ್ವಿಸ್ ಸೆಂಟರಿಗೆ ತಗೊಂಡು ಹೋದೆ. ಸರ್ವಿಸ್ ಅಡ್ವೈಸರ್ ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಮಾತಾಡಿಸಿದ. “ಸರ್, ಸಿಟಿ ಡ್ರೈವಿಂಗ್ ಜಾಸ್ತಿ ಅಲ್ವಾ, ಅದಕ್ಕೆ ಬರುತ್ತೆ. ವಾರಕ್ಕೊಂದು ಸಲ ಹೈವೇಲಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ, ಹೋಗ್ಬಿಡುತ್ತೆ” ಅಂದ. ಸ್ಕ್ಯಾನರ್ ಹಾಕಿ, ಗಾಡಿ ನಿಲ್ಲಿಸಿಕೊಂಡೇ ರೀಜೆನ್ ಮಾಡಿ ಕೊಟ್ಟರು. ಫೋರ್ಸ್ಡ್ ರೀಜೆನ್ ಅಂದರೆ ಇದೇ. ಲೈಟ್ ಹೋಯಿತು. ಗಾಡಿ ಕೊಡುವಾಗ ಬಿಲ್ಲಿನಲ್ಲಿ ‘ಗಾಡಿ ಓಡಿಸುವ ರೀತಿಯ ಬಗ್ಗೆ ಗ್ರಾಹಕರಿಗೆ ತಿಳಿಸಲಾಗಿದೆ’ ಎಂದು ಬರೆದಿದ್ದರು. ಆ ಸಾಲು ಮುಂದೆ ಎಷ್ಟು ಕಾಟ ಕೊಡುತ್ತದೆ ಎಂದು ಆಗ ಯಾರಿಗೆ ಗೊತ್ತು.

ಅವರು ಹೇಳಿದ ಹಾಗೇ ನಡೆದುಕೊಂಡೆವು. 60 ಕಿಲೋಮೀಟರ್ ವೇಗ ದಾಟಿಸಿ ಸುಮಾರು 25 ನಿಮಿಷ ಓಡಿಸಿ ಎಂದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲೂ ಇತ್ತು. ರಾತ್ರಿ ಊಟ ಆದಮೇಲೆ ನೈಸ್ ರೋಡಿನಲ್ಲಿ ಸುಮ್ನೆ ಓಡಿಸಿಕೊಂಡು ಬರೋದು, ಟೋಲ್ ಕಟ್ಟೋದು, ಡೀಸೆಲ್ ಸುಡೋದು. ಕೆಲವು ಸಲ ನಾನು, ಕೆಲವು ಸಲ ಹೆಂಡತಿ. ಸ್ವಲ್ಪ ದಿನ ಸುಮ್ಮನಿರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಮತ್ತೆ ಸರ್ವಿಸ್ ಸೆಂಟರು, ಮತ್ತೆ ರೀಜೆನ್, ಮತ್ತೆ ಅದೇ ಸಾಲು. ಒಂದು ಸಲ ಡೀಸೆಲ್‌ನಲ್ಲಿ ಕಲಬೆರಕೆ ಇರಬಹುದು ಅಂದರು. ನಾವು ಹಾಕಿಸೋದು ಒಂದೇ ಬಂಕಿನಲ್ಲಿ, ಬಿಲ್ಲುಗಳಿದ್ದವು, ತೋರಿಸಿದೆವು. ಇನ್ನೊಂದು ಸಲ ಹೆಂಡತಿ ಗಾಡಿ ತಗೊಂಡು ಹೋಗಿದ್ದಾಗ ಅಲ್ಲಿನ ಹಿರಿಯರೊಬ್ಬರು ನನಗೆ ಫೋನ್ ಮಾಡಿ, “ಗಾಡಿ ಜಾಸ್ತಿ ಮೇಡಂ ಓಡಿಸ್ತಾರಾ ಸರ್? ಹಾಗಾದ್ರೆ ಅದಕ್ಕೇ ಇರಬೇಕು” ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನಗಿಂತ ಚೆನ್ನಾಗಿ ಗಾಡಿ ಓಡಿಸುವವಳು ಅವಳು. ಕೌಂಟರಿನ ಎದುರು ಅವಳೇ ನಿಂತಿದ್ದಳು, ಅವಳನ್ನು ಕೇಳದೆ ನನಗೆ ಫೋನ್ ಮಾಡಿ ಹೇಳುವ ಮಾತಾ ಅದು?

ಇಷ್ಟರಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ನಮ್ಮಪ್ಪ ಇದ್ದಾಗ ಅಂಬಾಸಡರ್ ಇತ್ತು. ದೂರ ಹೊರಡುವ ಮೊದಲು ಬಾನೆಟ್ ಎತ್ತಿ ಡಿಪ್‌ಸ್ಟಿಕ್ ನೋಡೋದು ಅವರ ಅಭ್ಯಾಸ, ಅದು ನನಗೂ ಬಂದಿದೆ. ಆಯಿಲ್ ಕಡಿಮೆಯಾಗೋದನ್ನು ನೋಡಿದ್ದೇನೆ, ಜಾಸ್ತಿಯಾಗೋದನ್ನು ನೋಡಿರಲಿಲ್ಲ. ನಮ್ಮ ಗಾಡಿಯಲ್ಲಿ ಆಯಿಲ್ ಮೇಲಿನ ಗುರುತನ್ನು ದಾಟಿ ನಿಂತಿತ್ತು. ಬೆರಳಿಗೆ ಸವರಿಕೊಂಡರೆ ನೀರಿನಷ್ಟು ತೆಳು, ಮೂಸಿದರೆ ಡೀಸೆಲ್ ವಾಸನೆ. ಅರ್ಧಕ್ಕೆ ನಿಂತ ರೀಜೆನ್‌ಗಳ ಡೀಸೆಲ್ಲೆಲ್ಲ ಅಲ್ಲಿಗೆ ಇಳಿದಿತ್ತು. ಇದು ಸಣ್ಣ ವಿಷಯವಲ್ಲ. ಆಯಿಲ್ ತೆಳುವಾದರೆ ಬೇರಿಂಗ್‌ಗಳಿಗೆ, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋಗೆ ಬೇಕಾದ ರಕ್ಷಣೆ ಸಿಗುವುದಿಲ್ಲ. ಮಟ್ಟ ತೀರಾ ಏರಿದರೆ ಇಂಜಿನ್ ಅದನ್ನು ಗಾಳಿಯ ದಾರಿಯಿಂದ ಒಳಗೆಳೆದುಕೊಂಡು ಅದರಲ್ಲೇ ಉರಿಯಲು ಶುರು ಮಾಡುವ ಅಪಾಯವಿದೆ, ಆಗ ಕೀ ತೆಗೆದರೂ ಡೀಸೆಲ್ ಇಂಜಿನ್ ನಿಲ್ಲುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಹೇಳಿದರೆ “ಆಯಿಲ್ ಚೇಂಜ್ ಮಾಡಿಕೊಡ್ತೀವಿ ಸರ್” ಅಂದರು. ಅದಕ್ಕೂ ಬಿಲ್ಲು. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಬೇರೆ ಬಗೆಯ ಆಯಿಲ್ಲೇ ಹಾಕಬೇಕು, ಅದು ಅಗ್ಗ ಅಲ್ಲ. ಅವಧಿಗೆ ಮುಂಚೆ ಆಯಿಲ್ ಬದಲಾಯಿಸಬೇಕಾಗಿ ಬಂದದ್ದು ಯಾರ ದೆಸೆಯಿಂದ ಎಂದು ಕೇಳಿದರೆ ಉತ್ತರವಿಲ್ಲ.

ಆಮೇಲೆ ಶಿರಾಡಿ ಘಾಟ್.

ಮಳೆಗಾಲ. ಪುತ್ತೂರಿನಿಂದ ಹಿಂದಕ್ಕೆ ಬರುತ್ತಿದ್ದೆವು. ಗಾಡಿಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು, ಹಿಂದೆ ಅತ್ತೆ ಕಟ್ಟಿಕೊಟ್ಟ ಹಲಸಿನ ಹಪ್ಪಳ, ತೆಂಗಿನಕಾಯಿ ಚೀಲ. ಗುಂಡ್ಯ ದಾಟಿ ಏರು ಶುರುವಾದ ಮೇಲೆ, ಒಂದು ತಿರುವಿನಲ್ಲಿ ಲಾರಿ ಹಿಂದೆ ಹಾಕೋಣ ಎಂದು ಆಕ್ಸಿಲರೇಟರ್ ಒತ್ತಿದಾಗ ಎರಡೂ ಲೈಟ್ ಒಟ್ಟಿಗೆ ಹತ್ತಿದವು. ಪಿಕಪ್ ಸತ್ತೇಹೋಯಿತು. ಪುಣ್ಯಕ್ಕೆ ಇನ್ನೂ ಎದುರು ಲೇನಿಗೆ ಹೋಗಿರಲಿಲ್ಲ. ಹಿಂದೆ ಟ್ಯಾಂಕರುಗಳ ಸಾಲು, ಹಾರ್ನ್ ಮೇಲೆ ಹಾರ್ನ್. ರಸ್ತೆ ಬದಿಗೆ ಇಳಿಸೋಣ ಎಂದರೆ ಒಂದು ಕಡೆ ಗೋಡೆಯಂತಹ ಗುಡ್ಡ, ಇನ್ನೊಂದು ಕಡೆ ಕೆಂಪುಹೊಳೆಯ ಕಣಿವೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ನಡೆಯುವವರ ವೇಗದಲ್ಲಿ ಹತ್ತಿಸಿದೆ. ಅಮ್ಮ ಮೊದಲು “ಯಾಕೋ ಗಾಡಿ ಏಳ್ತಾ ಇಲ್ಲ ಅಲ್ವಾ?” ಎಂದು ಕೇಳಿದವರು ಆಮೇಲೆ ಮಾತೇ ಆಡಲಿಲ್ಲ. ಹಿಂದಿದ್ದ ಒಬ್ಬ ಲಾರಿ ಡ್ರೈವರ್ ನಮ್ಮ ಅವಸ್ಥೆ ನೋಡಿ, ತಾನೂ ಇಂಡಿಕೇಟರ್ ಹಾಕಿ, ಬೇರೆಯವರು ನಮ್ಮ ಮೇಲೆ ನುಗ್ಗದ ಹಾಗೆ ಹಿಂದೆಯೇ ಬಂದರು. ಮಾರನಹಳ್ಳಿ ತನಕ ಹಾಗೇ ಬಂದರು. ಇಳಿದು ಮಾತಾಡಿಸೋಣ ಅನ್ನುವಷ್ಟರಲ್ಲಿ ಕೈಯೆತ್ತಿ ಹೋಗಿಬಿಟ್ಟರು. ಅವರ ಹೆಸರೂ ಗೊತ್ತಿಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ.

ಅಲ್ಲಿಂದ ಗಾಡಿ ಟೋಯಿಂಗ್ ಮಾಡಿಸಿ ಹಾಸನದ ವರ್ಕ್‌ಶಾಪಿಗೆ ಕಳಿಸಿದೆವು. ಅಲ್ಲೂ ರೀಜೆನ್ ಮಾಡಿ ಕಳಿಸಿದರು. ನಾನು ಕೇಳಿದೆ: ಘಾಟ್ ಹತ್ತುವ ಮೊದಲು ನಾವು ಹೈವೇಯಲ್ಲೇ ಬರುತ್ತಿದ್ದೆವು, ಊರಿನಲ್ಲಿ ಓಡಿಸುತ್ತಿರಲಿಲ್ಲ, ಮತ್ತೆ ಡಿಪಿಎಫ್ ಯಾಕೆ ತುಂಬಿತು? “ಹಳೇದು ತುಂಬಿರುತ್ತೆ ಸರ್” ಎಂಬ ಉತ್ತರ ಬಂತು. ಬೆಂಗಳೂರಿಗೆ ಬಂದು ನಮ್ಮ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದರೆ ಡಿಪಿಎಫ್ ಬದಲಾಯಿಸಬೇಕಾಗಬಹುದು ಅಂದರು. ವಾರಂಟಿಯಲ್ಲಿ ಕೊಡುವುದು ಕಷ್ಟ, ಗಾಡಿ ಓಡಿಸಿದ ರೀತಿಯಿಂದ ತುಂಬಿದ್ದರೆ ಅದು ನಿಮ್ಮ ಖರ್ಚು ಎಂದೂ ಸೇರಿಸಿದರು. ಲಕ್ಷ ದಾಟುವ ಎಸ್ಟಿಮೇಟ್ ಕೈಗೆ ಕೊಟ್ಟರು.

ಆ ರಾತ್ರಿ ಹೆಂಡತಿ ಹಳೆಯ ಬಿಲ್ಲು, ಗಾಡಿ ಬಿಟ್ಟಾಗ ನಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಳು. ಬ್ಯಾಂಕಿನಲ್ಲಿ ಕೆಲಸ, ಕಾಗದ ಓದೋದರಲ್ಲಿ ಅವಳನ್ನು ಮೀರಿಸೋಕೆ ಆಗಲ್ಲ. ಪ್ರತಿ ಜಾಬ್ ಕಾರ್ಡಿನಲ್ಲೂ ಮೂಲೆಯಲ್ಲಿ ಒಂದು ಸಣ್ಣ ಕಾಲಂ ಇತ್ತು, ‘ರಿಪೀಟ್ ಕಂಪ್ಲೇಂಟ್’ ಅಂತ. ಎಲ್ಲದರಲ್ಲೂ ‘ಇಲ್ಲ’. ಅದೇ ಗಾಡಿ, ಅದೇ ಲೈಟ್, ಅದೇ ಸರ್ವಿಸ್ ಸೆಂಟರ್, ಆದರೆ ಅವರ ಲೆಕ್ಕದಲ್ಲಿ ಒಂದು ಸಲವೂ ಇದು ಮರುಕಳಿಸಿದ ತೊಂದರೆಯಲ್ಲ. ಕೆಲವು ಕಾರ್ಡುಗಳಲ್ಲಿ ನಾವು ಹೇಳಿದ ಪಿಕಪ್ ತೊಂದರೆಯೇ ಇರಲಿಲ್ಲ. ‘ಸಾಮಾನ್ಯ ತಪಾಸಣೆ’ ಎಂದಷ್ಟೇ ಇತ್ತು. “ಇವರ ಕಂಪ್ಯೂಟರ್ ನೋಡಿದ್ರೆ ನಮ್ಮ ಗಾಡಿಗೆ ಏನೂ ಆಗೇ ಇಲ್ಲ ಕಣ್ರೀ” ಅಂದಳು. ಕಂಪನಿಯ ಮೇಲಿನವರಿಗೆ ಹೋಗುವುದು ಈ ಕಾಗದವೇ. ಅದರಲ್ಲಿ ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ.

ಇದೇ ಮಾಡೆಲ್ ಇರುವ ಬೇರೆಯವರ ಜೊತೆ ಮಾತಾಡಲು ಶುರು ಮಾಡಿದ್ದು ಆಗಲೇ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಒಬ್ಬರದ್ದು ಇತ್ತು, ಅವರಿಗೂ ಇದೇ ಗೋಳು, ಅವರಿಗೂ ಅದೇ ‘ಸಿಟಿ ಡ್ರೈವಿಂಗ್’ ಉತ್ತರ. ಸರ್ವಿಸ್ ಸೆಂಟರಿನಲ್ಲಿ ಕಾಯುತ್ತಾ ಕೂತಾಗ ಇನ್ನೂ ಕೆಲವರು ಸಿಕ್ಕರು. ಸ್ನೇಹಿತರೊಬ್ಬರ ಮೂಲಕ ಹುಬ್ಬಳ್ಳಿಯ ಒಬ್ಬರ ಪರಿಚಯವಾಯಿತು. ಅವರ ಮಾತು ಕೇಳಿ ನನಗೆ ಕಣ್ಣು ಬಿಟ್ಟಂತಾಯಿತು. ಅವರು ವ್ಯಾಪಾರದ ಕೆಲಸಕ್ಕೆ ಹುಬ್ಬಳ್ಳಿ–ಬೆಳಗಾವಿ ಓಡಾಡುವವರು, ಗಾಡಿ ಇರುವುದೇ ಹೈವೇ ಮೇಲೆ. “ನಮ್ಮ ಗಾಡಿಗೂ ಅದss ಲೈಟ್ ಬರತಿತ್ತರಿ. ನನಗ್ಯಾವ ಸಿಟಿ ಡ್ರೈವಿಂಗ್ ಐತ್ರಿ?” ಅಂದರು. ಕೊನೆಗೆ ಅವರ ಗಾಡಿಯಲ್ಲಿ ಟರ್ಬೋದಿಂದ ಗಾಳಿ ತಣಿಸುವ ಇಂಟರ್‌ಕೂಲರ್ ಕಡೆ ಹೋಗುವ ಒಂದು ಪೈಪ್ ಬದಲಾಯಿಸಿದರಂತೆ, ಆಮೇಲೆ ಲೈಟ್ ಬಂದಿಲ್ಲವಂತೆ. ಆ ಪೈಪಿನ ಸುತ್ತ ಎಣ್ಣೆ ಮೆತ್ತಿಕೊಂಡಿತ್ತು ಎಂದೂ ಹೇಳಿದರು.

ಕಾರಿನ ಓಬಿಡಿ ಪೋರ್ಟಿಗೆ, ಅಂದರೆ ಗಾಡಿಯ ಕಂಪ್ಯೂಟರ್ ಓದುವ ಸಾಕೆಟ್ಟಿಗೆ ಹಾಕಿ ಫೋನಿನಲ್ಲಿ ನೋಡುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕಡಿಮೆ ಬೆಲೆಗೇ ಸಿಗುತ್ತದೆ. ಅದನ್ನು ತರಿಸಿದೆ. ಸ್ಟೇರಿಂಗ್ ಕೆಳಗೆ ಪೋರ್ಟ್ ಇರುತ್ತದೆ, ಹಾಕಿದರೆ ಆಯಿತು, ಯಾವ ಸ್ಕ್ರೂ ತೆಗೆಯುವುದೂ ಬೇಡ. ಮುಂದಿನ ಸಲ ಲೈಟ್ ಹತ್ತಿದಾಗ ಸರ್ವಿಸ್ ಸೆಂಟರಿಗೆ ಹೋಗುವ ಮೊದಲೇ ಕಂಪ್ಯೂಟರ್ ದಾಖಲಿಸಿದ ತೊಂದರೆಯ ಕೋಡ್ ಓದಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಎರಡು ಕೋಡ್ ಇದ್ದವು. ಪಿ2463, ಅಂದರೆ ಡಿಪಿಎಫ್‌ನಲ್ಲಿ ಮಸಿ ತುಂಬಿದೆ. ಇನ್ನೊಂದು ಪಿ0299, ಪೆಂಡಿಂಗ್, ಅಂದರೆ ಇನ್ನೂ ಖಚಿತವಾಗಿಲ್ಲ ಎಂದು ತೋರಿಸುತ್ತಿತ್ತು. ಟರ್ಬೋ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ ಎಂದು ಅದರ ಅರ್ಥ. ಸರ್ವಿಸ್ ಸೆಂಟರಿನವರು ಪ್ರತಿ ಸಲ ಕೋಡ್‌ಗಳನ್ನು ಅಳಿಸಿ ರೀಜೆನ್ ಮಾಡಿ ಕಳಿಸುತ್ತಿದ್ದರು. ಈ ಎರಡನೇ ಕೋಡ್ ಒಂದು ಜಾಬ್ ಕಾರ್ಡಿನಲ್ಲೂ ಇರಲಿಲ್ಲ.

ವಿಲ್ಸನ್ ಗಾರ್ಡನ್ನಿನಲ್ಲಿ ಒಬ್ಬರು ಹಳೆಯ ಮೆಕ್ಯಾನಿಕ್ ಇದ್ದಾರೆ, ಅಪ್ಪನ ಕಾಲದಿಂದ ಪರಿಚಯ. ಅವರ ಹತ್ತಿರ ಹೋಗಿ ಸ್ಕ್ರೀನ್‌ಶಾಟ್ ತೋರಿಸಿದೆ. “ನಾನು ಕೈ ಹಾಕಲ್ಲ ತಮ್ಮಾ, ಹೊರಗೆ ಬಿಚ್ಚಿಸಿದ್ದೀರಿ ಅಂತ ವಾರಂಟಿ ಇಲ್ಲ ಅಂದುಬಿಡ್ತಾರೆ. ಆದರೆ ಇದು ಫಿಲ್ಟರ್ ರೋಗ ಅಲ್ಲ, ಗಾಳಿ ಸೋರ್ತಾ ಇದೆ” ಅಂದರು. ಕೂರಿಸಿಕೊಂಡು ವಿವರಿಸಿದರು. ಒಳಗೆ ಬರುವ ಗಾಳಿಯನ್ನು ಏರ್ ಫಿಲ್ಟರ್ ಹತ್ತಿರವೇ ಒಂದು ಸೆನ್ಸರ್ ಅಳೆಯುತ್ತದೆ. ಆ ಅಳತೆ ನೋಡಿಕೊಂಡು ಕಂಪ್ಯೂಟರ್ ಡೀಸೆಲ್ ಬಿಡುತ್ತದೆ. ಗಾಳಿ ಆಮೇಲೆ ಟರ್ಬೋಗೆ ಹೋಗಿ, ಇಂಟರ್‌ಕೂಲರ್ ದಾಟಿ ಇಂಜಿನ್‌ಗೆ ಬರುತ್ತದೆ. ನಡುವೆ ಎಲ್ಲೋ ಪೈಪ್ ಬಿರುಕು ಬಿಟ್ಟಿದ್ದರೆ ಅಳೆದ ಗಾಳಿಯಲ್ಲಿ ಒಂದಷ್ಟು ಹೊರಗೆ ಹೋಗುತ್ತದೆ. ಡೀಸೆಲ್ ಮಾತ್ರ ಪೂರ್ತಿ ಲೆಕ್ಕದಲ್ಲೇ ಬೀಳುತ್ತದೆ. ಗಾಳಿ ಸಾಲದೆ ಉರಿದರೆ ಮಸಿ ಜಾಸ್ತಿ. ಹಳೆಯ ಗಾಡಿಯಾಗಿದ್ದರೆ ಕಪ್ಪು ಹೊಗೆ ಬಂದು ಎಲ್ಲರಿಗೂ ಕಾಣುತ್ತಿತ್ತು, ಈಗಿನ ಗಾಡಿಯಲ್ಲಿ ಆ ಹೊಗೆಯನ್ನೆಲ್ಲ ಡಿಪಿಎಫ್ ನುಂಗಿಕೊಳ್ಳುತ್ತದೆ, ಆದ್ದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಅದು ಬೇಗ ಬೇಗ ತುಂಬುತ್ತದೆ, ಬೇಗ ಬೇಗ ರೀಜೆನ್ ಕೇಳುತ್ತದೆ, ಆಯಿಲ್‌ಗೆ ಡೀಸೆಲ್ ಇಳಿಯುತ್ತದೆ. ನಮ್ಮ ಗಾಡಿಯ ಎಲ್ಲ ಲಕ್ಷಣಗಳೂ ಅದರಲ್ಲಿದ್ದವು.

“ಹಾಗಾದರೆ ಬಾನೆಟ್ ಎತ್ತಿ ನೋಡಿದಾಗ ಅವರಿಗೆ ಯಾಕೆ ಕಾಣಲಿಲ್ಲ?” ಎಂದು ಕೇಳಿದೆ. ಗಾಡಿ ನಿಂತಿದ್ದಾಗ ಟರ್ಬೋ ಒತ್ತಡ ಇರುವುದಿಲ್ಲ, ಬಿರುಕು ಮುಚ್ಚಿಕೊಂಡಿರುತ್ತದೆ, ಗಾಳಿ ತುಂಬದ ಸೈಕಲ್ ಟ್ಯೂಬಿನಲ್ಲಿ ಪಂಕ್ಚರ್ ಕಾಣದ ಹಾಗೆ ಅಂದರು. ಏರು ಹತ್ತುವಾಗ, ತುಂಬಿದ ಗಾಡಿಯಲ್ಲಿ ಜೋರಾಗಿ ತುಳಿದಾಗ ಅದು ಬಾಯಿ ಬಿಡುತ್ತದೆ. ನೈಸ್ ರೋಡಿನ ಸಮತಟ್ಟಿನಲ್ಲಿ ಸುಮ್ಮನಿದ್ದ ಗಾಡಿ ಶಿರಾಡಿಯಲ್ಲಿ ಯಾಕೆ ಕೈ ಕೊಟ್ಟಿತು ಎಂಬುದಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಯಾರೂ ಕೊಟ್ಟಿರಲಿಲ್ಲ. “ಸ್ಮೋಕ್ ಟೆಸ್ಟ್ ಮಾಡಿ ಅಂತ ಕೇಳು, ಪೈಪಿನೊಳಗೆ ಹೊಗೆ ತುಂಬಿ ಎಲ್ಲಿ ಸೋರುತ್ತೆ ಅಂತ ನೋಡೋದು. ಬಾಯಲ್ಲಿ ಕೇಳಬೇಡ, ಬರೆಸು” ಎಂದು ಹೇಳಿ ಚಹಾ ಕುಡಿಸಿ ಕಳಿಸಿದರು. ದುಡ್ಡು ಕೊಡಲು ಹೋದರೆ ಬೈದರು.

ಬರೆಸೋದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಜಾಬ್ ಕಾರ್ಡಿನಲ್ಲಿ ‘ಏರಿನಲ್ಲಿ ಪಿಕಪ್ ಹೋಗುತ್ತದೆ, ಪಿ0299 ಬಂದಿದೆ, ಇಂಟರ್‌ಕೂಲರ್ ಪೈಪ್‌ಗಳ ಸ್ಮೋಕ್ ಟೆಸ್ಟ್ ಮಾಡಿ, ಇದು ಮರುಕಳಿಸಿದ ದೂರು’ ಎಂದು ಬರೆಯಿರಿ ಅಂದರೆ ಅಡ್ವೈಸರ್, “ಕೋಡ್ ಎಲ್ಲ ನಾವು ಬರೆಯೋ ಹಾಗಿಲ್ಲ ಸರ್, ಸಿಸ್ಟಮ್ ತಗೊಳಲ್ಲ” ಅಂದ. ಹೆಂಡತಿ ಬಿಡಲಿಲ್ಲ. ಸಿಸ್ಟಮ್ ತಗೊಳದಿದ್ದರೆ ಪ್ರಿಂಟ್ ತೆಗೆದು ಪೆನ್ನಿನಲ್ಲಿ ಬರೆಯೋಣ, ನೀವು ಸೀಲ್ ಹಾಕಿ ಸಹಿ ಮಾಡಿ, ಅಲ್ಲಿ ತನಕ ಕೀ ಕೊಡಲ್ಲ ಅಂದಳು. ಮ್ಯಾನೇಜರ್ ಬಂದರು, ಮಾತುಕತೆಯಾಯಿತು, ಕೊನೆಗೆ ಪೆನ್ನಿನಲ್ಲಿ ಬರೆದು ಸೀಲ್ ಹಾಕಿದರು. ಅವಳು ಅಲ್ಲೇ ಕೂತು ಅದರ ಫೋಟೋ, ಕೋಡಿನ ಸ್ಕ್ರೀನ್‌ಶಾಟ್, ಡಿಪ್‌ಸ್ಟಿಕ್ ಫೋಟೋ, ಹಳೆಯ ಜಾಬ್ ಕಾರ್ಡುಗಳು ಎಲ್ಲವನ್ನೂ ಸೇರಿಸಿ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಮಾಡಿದಳು. ಫೋನಿನಲ್ಲಿ ಎಷ್ಟು ಮಾತಾಡಿದರೂ ಉಳಿಯುವುದಿಲ್ಲ, ಇಮೇಲ್ ಉಳಿಯುತ್ತದೆ.

ಆದರೂ ಆ ಸಲವೂ ಸ್ಮೋಕ್ ಟೆಸ್ಟ್ ಮಾಡಲಿಲ್ಲ. ‘ನೋಡಿದೆವು, ತೊಂದರೆ ಕಂಡುಬಂದಿಲ್ಲ’ ಎಂದು ಬರೆದು ಗಾಡಿ ವಾಪಸ್ ಕೊಟ್ಟರು. ಕಂಪನಿಯ ಇಮೇಲ್ ಉತ್ತರದಲ್ಲಿ ನಮ್ಮ ಒಂದು ಪ್ರಶ್ನೆಗೂ ಜವಾಬಿರಲಿಲ್ಲ, ಡಿಪಿಎಫ್ ಲೈಟ್ ಬಂದಾಗ ಹೈವೇಯಲ್ಲಿ ಓಡಿಸುವುದು ಹೇಗೆ ಎಂಬ ಪಾಠ ಇತ್ತು.

ಆಮೇಲೆ ನಾವು ಕಾನೂನಿನ ದಾರಿ ಹಿಡಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಹಳ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆವು. ಕನ್ನಡದಲ್ಲೇ ಮಾತಾಡಬಹುದು. ಅವರು ಕೋರ್ಟಲ್ಲ, ಆದೇಶ ಮಾಡುವುದಿಲ್ಲ, ನಿಮ್ಮ ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಅದಕ್ಕೊಂದು ನಂಬರ್ ಸಿಗುತ್ತದೆ, ಆ ನಂಬರೂ ಒಂದು ದಾಖಲೆ. ನಂತರ ಪರಿಚಯದ ವಕೀಲರೊಬ್ಬರಿಂದ ಕಂಪನಿಗೂ ಡೀಲರ್‌ಗೂ ನೋಟಿಸ್ ಕಳಿಸಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ವಸ್ತುವಿಗೆ ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು. ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. 10ರಿಂದ 20 ಲಕ್ಷದ ವಸ್ತುವಿಗೆ ಶುಲ್ಕ 400 ರೂಪಾಯಿ, ಅಷ್ಟೇ. ವಕೀಲರಿಲ್ಲದೆ ನಾವೇ ವಾದಿಸಬಹುದು. ತೊಂದರೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಇದು ಮುಖ್ಯ. ‘ಮುಂದಿನ ಸಲ ನೋಡೋಣ, ಮುಂದಿನ ಸಲ ನೋಡೋಣ’ ಎಂದು ಸರ್ವಿಸ್ ಸೆಂಟರಿನವರು ತಳ್ಳುತ್ತಾ ಹೋದರೆ ಕರಗುವುದು ಈ ಅವಧಿಯೇ.

ನಮ್ಮ ವಕೀಲರು ನೋಟಿಸಿನಲ್ಲಿ ಒಂದು ವಿಷಯ ಸೇರಿಸಿದರು. ವಸ್ತುವಿನಲ್ಲಿ ದೋಷ ಇದೆಯೋ ಇಲ್ಲವೋ ಎಂಬುದು ಪರೀಕ್ಷೆ ಇಲ್ಲದೆ ಗೊತ್ತಾಗುವುದಿಲ್ಲ ಎಂದಾದರೆ, ಅದನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕೆ ಆ ಕಾಯ್ದೆಯಲ್ಲಿದೆ. ನಾವು ಅದನ್ನೇ ಕೇಳುತ್ತೇವೆ, ಸ್ಮೋಕ್ ಟೆಸ್ಟ್ ಮಾಡದೆ ಇದ್ದದ್ದಕ್ಕೆ ಕಾರಣವನ್ನೂ ಕೇಳುತ್ತೇವೆ ಎಂದು ಬರೆದರು. ಸೀಲ್ ಹಾಕಿದ ಆ ಜಾಬ್ ಕಾರ್ಡನ್ನು ಲಗತ್ತಿಸಿದರು. ಇದರಿಂದಲೇ ಕೆಲಸ ಆಯಿತು ಎಂದು ನನ್ನ ಗಟ್ಟಿ ನಂಬಿಕೆ. ಅಲ್ಲಿಯವರೆಗೆ ಫೋನ್ ಎತ್ತದ ಕಂಪನಿಯ ಕಡೆಯಿಂದಲೇ ಫೋನ್ ಬಂತು, ನಮ್ಮ ಟೆಕ್ನಿಕಲ್ ಮ್ಯಾನೇಜರ್ ಬಂದು ಗಾಡಿ ನೋಡುತ್ತಾರೆ ಎಂದು.

ಬಂದವರು ಕೆಲಸ ಗೊತ್ತಿದ್ದ ಮನುಷ್ಯ, ಅದನ್ನು ಹೇಳಲೇಬೇಕು. ಬಂದವರೇ ಎಲ್ಲ ಜಾಬ್ ಕಾರ್ಡ್ ಓದಿದರು. “ಏರಿನಲ್ಲೇ ಬರುತ್ತೆ ಅಂತೀರಲ್ಲ, ಏರಿಗೇ ಹೋಗೋಣ ಬನ್ನಿ” ಅಂದರು. ವಾರದ ನಡುವೆ ಜನ ಇಲ್ಲದ ಹೊತ್ತು ನೋಡಿಕೊಂಡು ನಂದಿಬೆಟ್ಟಕ್ಕೆ ಹೊರಟೆವು. ನಾನು ಓಡಿಸಿದೆ, ಅವರು ಪಕ್ಕದಲ್ಲಿ ಕಂಪನಿಯ ಸ್ಕ್ಯಾನರ್ ಹಿಡಿದು ಕೂತರು, ತೂಕಕ್ಕೆ ಇರಲಿ ಎಂದು ಹಿಂದೆ ಸರ್ವಿಸ್ ಸೆಂಟರಿನ ಇಬ್ಬರು ಹುಡುಗರು. ಸ್ಕ್ಯಾನರಿನಲ್ಲಿ ಎರಡು ಗೆರೆಗಳು ಓಡುತ್ತಿದ್ದವು. ಒಂದು ಕಂಪ್ಯೂಟರ್ ಕೇಳುವ ಟರ್ಬೋ ಒತ್ತಡ, ಇನ್ನೊಂದು ನಿಜವಾಗಿ ಸಿಗುವ ಒತ್ತಡ. ಸಮತಟ್ಟಿನಲ್ಲಿ ಎರಡೂ ಜೊತೆಜೊತೆಗೆ ಹೋಗುತ್ತಿದ್ದವು. ಬೆಟ್ಟದ ತಿರುವುಗಳಲ್ಲಿ ಪೂರ್ತಿ ತುಳಿಸಿದಾಗ ಕೆಳಗಿನ ಗೆರೆ ಕುಸಿಯಿತು, ಮೇಲಿನದ್ದು ಏರುತ್ತಲೇ ಇತ್ತು. “ಸಾಕು ಸರ್, ಗೊತ್ತಾಯ್ತು” ಅಂದರು. ಅವರ ಮುಖ ಗಂಭೀರವಾಗಿತ್ತು. ಹಿಂದಿದ್ದ ಹುಡುಗರು ಮಾತಾಡಲಿಲ್ಲ.

ವಾಪಸ್ ಬಂದು ಸ್ಮೋಕ್ ಟೆಸ್ಟ್. ಗಾಳಿಯ ದಾರಿಯ ಎರಡೂ ತುದಿ ಮುಚ್ಚಿ ಒಳಗೆ ಒತ್ತಡದಲ್ಲಿ ಹೊಗೆ ತುಂಬುತ್ತಾರೆ, ಎಲ್ಲಿ ಸೋರುತ್ತದೋ ಅಲ್ಲಿ ಹೊಗೆ ಹೊರಗೆ ಬರುತ್ತದೆ. ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಪೈಪಿನ ಕೆಳಭಾಗದಲ್ಲಿ, ಕ್ಲಾಂಪ್ ಪಕ್ಕದಲ್ಲೇ, ಹೊಗೆ ಎಳೆಯಾಗಿ ಬಂತು. ಮೇಲಿಂದ ನೋಡಿದರೆ ಆ ಜಾಗ ಕಾಣುವುದೇ ಇಲ್ಲ. ಬಿಚ್ಚಿ ಕೈಯಲ್ಲಿ ಬಗ್ಗಿಸಿದಾಗ ಸೀಳು ಅಗಲವಾಗಿ ಬಾಯಿ ತೆರೆಯಿತು. ಸುತ್ತ ಎಣ್ಣೆ ಮೆತ್ತಿಕೊಂಡಿತ್ತು, ಹುಬ್ಬಳ್ಳಿಯವರು ಹೇಳಿದ ಹಾಗೇ. ಇಡೀ ಪರೀಕ್ಷೆಗೆ ಒಂದು ತಾಸೂ ಹಿಡಿಯಲಿಲ್ಲ. ಇಷ್ಟು ಕೆಲಸವನ್ನು ಮೊದಲೇ ಮಾಡಿದ್ದರೆ ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಘಾಟಿನಲ್ಲಿ ಟ್ಯಾಂಕರುಗಳ ಮುಂದೆ ತೆವಳುವ ಗತಿ ಬರುತ್ತಿರಲಿಲ್ಲ. ಅದನ್ನು ಅಲ್ಲೇ, ಎಲ್ಲರ ಮುಂದೆಯೇ ಹೇಳಿದೆ.

ಪೈಪ್ ಬದಲಾಯಿಸಿದರೆ ಮುಗಿಯಿತು ಎಂದು ಅವರು ಭಾವಿಸಿದ್ದರು. ನಾವು ಒಪ್ಪಲಿಲ್ಲ. ಇಷ್ಟು ಕಾಲ ಡೀಸೆಲ್ ಬೆರೆತ ಆಯಿಲ್‌ನಲ್ಲಿ ಓಡಿದ ಟರ್ಬೋ, ಬೇರಿಂಗ್‌ಗಳ ಗತಿ ಏನು? 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಮುಗಿದ ಮೇಲೆ ಅವು ಕೆಟ್ಟರೆ ಯಾರು ಹೊಣೆ? ಮಾತುಕತೆ ಎಳೆದಾಡಿತು. ಟರ್ಬೋ ಶಾಫ್ಟ್ ಅಲುಗಾಡುತ್ತಿದೆಯೇ ಎಂದು ಬಿಚ್ಚಿ ನೋಡಿದರು, ಸಿಲಿಂಡರುಗಳ ಕಂಪ್ರೆಷನ್ ಅಳೆದು ಅದರ ಪ್ರಿಂಟ್ ಕೊಟ್ಟರು. ಎಲ್ಲ ಸರಿಯಾಗಿತ್ತು. ಡಿಪಿಎಫ್ ಮತ್ತು ಪೈಪ್ ವಾರಂಟಿಯಲ್ಲಿ ಹೊಸದಾಗಿ ಹಾಕಿದರು, ಅವಧಿಗೆ ಮುಂಚೆ ಬದಲಾಯಿಸಿದ ಆಯಿಲ್‌ನ ದುಡ್ಡು ವಾಪಸ್ ಬಂತು. ಇಂಜಿನ್ ಮತ್ತು ಟರ್ಬೋಗೆ ಹೆಚ್ಚಿನ ವಾರಂಟಿ ಕೊಡುತ್ತೇವೆ ಎಂದು ಬಾಯಲ್ಲಿ ಹೇಳಿದಾಗ ಹೆಂಡತಿ ಲೆಟರ್‌ಹೆಡ್‌ನಲ್ಲಿ ಬೇಕು ಅಂದಳು. ಬಂತು. ಹಳೆಯ ಬಿಲ್ಲುಗಳಲ್ಲಿ ‘ಗಾಡಿ ಓಡಿಸುವ ರೀತಿ’ ಎಂದು ಬರೆದದ್ದು ಕಾರಣವಲ್ಲ, ಕಾರಣ ಪೈಪಿನ ಸೀಳು ಎಂದು ಆ ಪತ್ರದಲ್ಲೇ ಒಂದು ಸಾಲು ಬರೆಸಿದಳು. ದುಡ್ಡಿಗಿಂತ ಆ ಸಾಲಿಗೆ ನಾವು ಜಾಸ್ತಿ ಹಠ ಮಾಡಿದ್ದು. ಅದು ನಮ್ಮ ಮೇಲಿದ್ದ ಆರೋಪ, ಮುಂದೆ ಏನಾದರೂ ಕೆಟ್ಟರೂ ಅದನ್ನೇ ಎತ್ತಿ ತೋರಿಸುತ್ತಿದ್ದರು.

ಪೈಪ್ ಬದಲಾಯಿಸಿದ ಮೇಲೆ ಚಾರ್ಮಾಡಿ, ಶಿರಾಡಿ ಎರಡೂ ಹತ್ತಿಸಿದ್ದೇವೆ, ತುಂಬಿದ ಗಾಡಿಯಲ್ಲೇ. ಲೈಟ್ ಬಂದಿಲ್ಲ. ಸಿಲ್ಕ್ ಬೋರ್ಡ್ ದಾರಿ ಅದೇ, ಓಡಿಸುವವರೂ ಅದೇ ಇಬ್ಬರು. ಆಯಿಲ್ ಮಟ್ಟ ಇರಬೇಕಾದಲ್ಲೇ ಇದೆ. ಸಿಟಿಯಲ್ಲಿ ಓಡಿಸಿದರೆ ಡಿಪಿಎಫ್ ಬೇಗ ತುಂಬುವುದು ಸುಳ್ಳಲ್ಲ, ಅದನ್ನು ಒಪ್ಪುತ್ತೇನೆ. ಈಗಲೂ ರೀಜೆನ್ ನಡೆಯುವಾಗ ಐಡಲ್ ಆರ್‌ಪಿಎಂ (ಗಾಡಿ ನಿಂತಾಗಿನ ಇಂಜಿನ್ ವೇಗ) ಸ್ವಲ್ಪ ಏರಿದ್ದು ಕಂಡರೆ ಇಂಜಿನ್ ಆಫ್ ಮಾಡದೆ ಇನ್ನೊಂದು ಸುತ್ತು ಹೋಗಿ ಬರುತ್ತೇವೆ. ಆದರೆ ಒಂದು ನಿಜವನ್ನು ಮುಂದಿಟ್ಟುಕೊಂಡು ಇನ್ನೊಂದು ದೋಷವನ್ನು ಹುಡುಕದೇ ಇರುವುದು ತಪ್ಪು.

ನಮ್ಮ ಪಾರ್ಕಿಂಗಿನವರ ಗಾಡಿಗೂ ಸ್ಮೋಕ್ ಟೆಸ್ಟ್ ಮಾಡಿಸಿದೆವು. ನಮ್ಮ ಪತ್ರದ ಪ್ರತಿ ತೋರಿಸಿದ ಮೇಲೆ ಸರ್ವಿಸ್ ಸೆಂಟರಿನವರು ಇಲ್ಲ ಅನ್ನಲಿಲ್ಲ. ಅವರದ್ದೂ ಅದೇ ಪೈಪು, ಅದೇ ಜಾಗ. ಹಾಗಾದರೆ ಇದು ಒಂದು ಗಾಡಿಯ ವಿಷಯವಲ್ಲ ಅಲ್ವಾ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ ದೋಷವಿರುವ ಗಾಡಿಗಳನ್ನು ವಾಪಸ್ ಕರೆಸುವ ಅಧಿಕಾರ ಸರ್ಕಾರಕ್ಕೆ ಬಂದಿದೆ, 2021ರ ಏಪ್ರಿಲ್‌ನಿಂದ ಅದರ ನಿಯಮಗಳು ಜಾರಿಯಲ್ಲಿವೆ, 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತದೆ. ಅದಕ್ಕೆ ಮಾಲೀಕರು ದೂರು ಕೊಡಲು ಸರ್ಕಾರದ ವಾಹನ್ ಪೋರ್ಟಲ್ಲಿನಲ್ಲಿ ಜಾಗ ಇದೆ. ಒಂದೇ ಮಾಡೆಲ್ಲಿನ ಮೇಲೆ ಸಾಕಷ್ಟು ದೂರು ಬಿದ್ದರೆ ತನಿಖೆಯ ಮಾತು ಬರುತ್ತದೆ. ಹುಬ್ಬಳ್ಳಿಯವರು, ನಮ್ಮ ಪಾರ್ಕಿಂಗಿನವರು, ನಾವು ಮೂವರೂ ದೂರು ಹಾಕಿದ್ದೇವೆ. ಸರ್ವಿಸ್ ಸೆಂಟರಿನಲ್ಲಿ ಪರಿಚಯವಾದ ಉಳಿದವರಿಗೂ ಫೋನ್ ಮಾಡಿ ಹಾಕಿಸುತ್ತಿದ್ದೇವೆ, ಕೆಲವರು ಯಾಕೆ ತಲೆನೋವು ಅಂತಾರೆ, ಅಂಥವರಿಗೆ ಹೆಂಡತಿ ಶಿರಾಡಿ ಘಾಟಿನ ಕಥೆ ಹೇಳುತ್ತಾಳೆ.

ಮಾರನಹಳ್ಳಿಯಿಂದ ಹಾಸನಕ್ಕೆ ಟೋಯಿಂಗ್ ಮಾಡಿಸಿದ ದುಡ್ಡು, ಅಲ್ಲಿಂದ ಐದು ಜನ ಬೆಂಗಳೂರಿಗೆ ಟ್ಯಾಕ್ಸಿಯಲ್ಲಿ ಬಂದ ದುಡ್ಡು ಇನ್ನೂ ಬಂದಿಲ್ಲ. ಅದು ವಾರಂಟಿಯಲ್ಲಿ ಬರುವುದಿಲ್ಲ ಎಂದು ಡೀಲರ್ ಹೇಳುತ್ತಿದ್ದಾರೆ. 2 ವರ್ಷದ ಅವಧಿ ಇನ್ನೂ ಇದೆ. ವಕೀಲರು ಅಷ್ಟಕ್ಕೇ ಪ್ರತ್ಯೇಕ ದೂರು ತಯಾರು ಮಾಡಿಟ್ಟಿದ್ದಾರೆ, ಈ ತಿಂಗಳು ಉತ್ತರ ಬರದಿದ್ದರೆ ಆಯೋಗಕ್ಕೆ ಹಾಕುತ್ತೇವೆ.